ಅರಸನ ಮುದ್ರೆ ಮತ್ತು ನಾಬೋತನ ತೋಟ

ಪ್ರತಿ ಭಾನುವಾರದ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ಸಮಯದಲ್ಲಿ, ಧರ್ಮಸಭೆಗಾಗಿಯೂ ರೋಗಿಗಳಿಗಾಗಿಯೂ ಬೇಡಿಕೊಳ್ಳುವುದರ ಜೊತೆಗೆ ನಾವು ನಾಡನ್ನು ಆಳುವವರಿಗಾಗಿಯೂ ಪ್ರಾರ್ಥಿಸುತ್ತೇವೆ. ಇದು ಇಂದು ನಿನ್ನೆಯ ರೂಢಿಯಲ್ಲ. ಅರಸರಿಗಾಗಿ ಮತ್ತು ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥನೆ ಸಲ್ಲಿಸಬೇಕೆಂದು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರವೇ (2:1-2) ಕೇಳಿಕೊಳ್ಳುತ್ತದೆ. ಎರಡನೆಯ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲಿಯನರು, ಕ್ರೈಸ್ತರನ್ನು ಹಿಂಸಿಸುತ್ತಿದ್ದ ರೋಮನ್ ಅಧಿಕಾರಿಗಳ ಎದುರಿಗೇ, ಕ್ರೈಸ್ತರು ಚಕ್ರವರ್ತಿಯನ್ನು ಪೂಜಿಸುವುದಿಲ್ಲ, ಆದರೆ ಅವನ ಕ್ಷೇಮಕ್ಕಾಗಿ ಪ್ರಾರ್ಥಿಸುತ್ತಾರೆ ಎಂದು ವಾದಿಸಿದ್ದರು.

ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದ ಮೇಲೆ ನಮ್ಮ ಮಾತು ಬೇರೆಯಾಗುತ್ತದೆ. "ರಾಜಕೀಯವೆಂದರೆ ಕೆಸರು, ಅದರ ಉಸಾಬರಿ ನಮಗೇಕೆ?" ಎನ್ನುವವರು ಕೆಲವರು. "ಸರ್ಕಾರ ಹೇಳಿದ ಮೇಲೆ ಮುಗಿಯಿತು, ಎದುರು ಮಾತನಾಡುವುದು ಕ್ರೈಸ್ತನಿಗೆ ತಕ್ಕದ್ದಲ್ಲ" ಎನ್ನುವವರು ಇನ್ನು ಕೆಲವರು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಎರಡರ ಬೇರೂ ಒಂದೇ. ಸರ್ಕಾರವೆಂಬುದು ನಮ್ಮಿಂದ ಹೊರಗೆ, ನಮ್ಮ ತಲೆಯ ಮೇಲೆ ಎಲ್ಲೋ ಇರುವ ಒಂದು ಶಕ್ತಿ. ಅದರಿಂದ ದೂರ ಸರಿಯಬೇಕು, ಇಲ್ಲವೇ ಅದಕ್ಕೆ ತಲೆಬಾಗಬೇಕು ಎಂಬ ಎಣಿಕೆ ಅದು. ಈ ಎಣಿಕೆಯು ಕ್ರೈಸ್ತ ಚಿಂತನೆಗೆ ಒಪ್ಪುವಂಥದೇ? ಸರ್ಕಾರ ಹುಟ್ಟಿದ್ದಾದರೂ ಏಕೆ? ಅದು ಇರುವುದು ಯಾರಿಗಾಗಿ?

ಈ ಪ್ರಶ್ನೆಗೆ ಧರ್ಮಸಭೆಯ ಇಬ್ಬರು ಮಹಾಪಂಡಿತರು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. ಕ್ರಿ.ಶ. 410ರಲ್ಲಿ ಅಲರಿಕನ ಗೋಥ್ ಸೇನೆಯು ರೋಮ್ ನಗರವನ್ನು ಸೂರೆಗೊಂಡಾಗ, ಲೋಕವೇ ಮುಗಿಯಿತೆಂದು ಜನ ತಲ್ಲಣಿಸಿದರು. ಆ ತಲ್ಲಣಕ್ಕೆ ಉತ್ತರವಾಗಿ ಸಂತ ಅಗಸ್ಟೀನರು 413ರಿಂದ 426ರವರೆಗೆ ಶ್ರಮಿಸಿ 'ದೇವನಗರ' ಎಂಬ ಬೃಹತ್ ಗ್ರಂಥವನ್ನು ರಚಿಸಿದರು. ಅಧಿಕಾರದ ಬಗ್ಗೆ ಅವರಿಗೆ ಯಾವ ಭ್ರಮೆಯೂ ಇರಲಿಲ್ಲ. ದೇವರು ಆದಿಯಲ್ಲಿ ಮಾನವನಿಗೆ ಮೃಗಪಕ್ಷಿಗಳ ಮೇಲೆ ಒಡೆತನ ಕೊಟ್ಟರೇ ಹೊರತು ಮತ್ತೊಬ್ಬ ಮಾನವನ ಮೇಲೆ ಕೊಡಲಿಲ್ಲ. ಆದುದರಿಂದಲೇ ಪುರಾತನ ನೀತಿವಂತರು ಕುರಿ ಕಾಯುವವರಾಗಿದ್ದರು, ಅರಸರಾಗಿರಲಿಲ್ಲ ಎಂದು ಅವರು ನೆನಪಿಸುತ್ತಾರೆ. ಪವಿತ್ರ ಬೈಬಲಿನಲ್ಲಿ ಮೊದಲ ಪಟ್ಟಣವನ್ನು ಕಟ್ಟಿದವನು ತಮ್ಮನನ್ನು ಕೊಂದ ಕಾಯಿನ. ರೋಮ್ ನಗರವನ್ನು ಸ್ಥಾಪಿಸಿದನೆಂದು ಹೇಳಲಾಗುವ ರೊಮುಲಸನ ಕೈಗೂ ಒಡಹುಟ್ಟಿದವನ ರಕ್ತ ಅಂಟಿದೆ. ನ್ಯಾಯವಿಲ್ಲದ ರಾಜ್ಯಕ್ಕೂ ದರೋಡೆಕೋರರ ತಂಡಕ್ಕೂ ಗಾತ್ರವೊಂದನ್ನು ಬಿಟ್ಟರೆ ಬೇರೆ ಅಂತರವಿಲ್ಲ ಎಂಬುದು ಅವರ ನಿಲುವು. ಸೆರೆಸಿಕ್ಕ ಕಡಲ್ಗಳ್ಳನೊಬ್ಬನು ಅಲೆಕ್ಸಾಂಡರನಿಗೇ ಈ ಮಾತನ್ನು ಹೇಳಿದ ಕಥೆಯನ್ನು ಅವರು ಸಂತೋಷದಿಂದಲೇ ಹೇಳುತ್ತಾರೆ. ಒಟ್ಟಿನಲ್ಲಿ, ಪಾಪವು ಲೋಕವನ್ನು ಪ್ರವೇಶಿಸಿದ ಮೇಲೆ ಕೇಡು ಮಿತಿಮೀರದಂತೆ ತಡೆಯಲು ದೇವರು ಅನುಮತಿಸಿದ ಕೋಲು ಈ ದಂಡನಾಧಿಕಾರ.

ಎಂಟು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಬಂದ ಸಂತ ಥಾಮಸ್ ಅಕ್ವಿನಾಸರು ಒಂದು ವಿಚಿತ್ರವಾದ ಪ್ರಶ್ನೆಯನ್ನು ಎತ್ತಿಕೊಂಡರು. ಆದಾಮನು ಪಾಪವನ್ನೇ ಮಾಡದಿದ್ದರೆ, ಮನುಷ್ಯರೆಲ್ಲರೂ ಪುನೀತರಾಗಿಯೇ ಉಳಿದಿದ್ದರೆ, ಆಗಲೂ ಆಳ್ವಿಕೆ ಇರುತ್ತಿತ್ತೇ? ಇರುತ್ತಿತ್ತು ಎಂಬುದೇ ಅವರ ಉತ್ತರ. ಯಜಮಾನನು ಆಳನ್ನು ತನ್ನ ಲಾಭಕ್ಕಾಗಿ ದುಡಿಸಿಕೊಳ್ಳುವ ಒಡೆತನ ಇರುತ್ತಿರಲಿಲ್ಲ. ಸ್ವತಂತ್ರರಾದ ಜನರನ್ನು ಅವರ ಹಿತಕ್ಕಾಗಿಯೇ ನಡೆಸುವ ಹೊಣೆಗಾರಿಕೆ ಮಾತ್ರ ಇರುತ್ತಿತ್ತು. ಏಕೆಂದರೆ ಮನುಷ್ಯನು ಸ್ವಭಾವತಃ ಕೂಡಿ ಬಾಳುವವನು. ಕೂಡಿ ಬಾಳುವವರೆಲ್ಲರ ಹಿತವನ್ನು ನೋಡುವವರು ಯಾರಾದರೂ ಇರಲೇಬೇಕು.

ನಮ್ಮ ನಾಡಿನ ಒಂದು ಉದಾಹರಣೆಯಿಂದ ಇದು ಬೇಗ ತಿಳಿಯುತ್ತದೆ. ಕೋಲಾರ, ತುಮಕೂರು ಕಡೆಯ ಕೆರೆಬಯಲಿನ ಹಳ್ಳಿಗಳಲ್ಲಿ ನೀರುಗಂಟಿ ಎಂಬವನೊಬ್ಬನಿರುತ್ತಿದ್ದನು. ಕೆರೆಯ ತೂಬನ್ನು ಎತ್ತುವುದು, ಯಾವ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಹಾಯಬೇಕೆಂದು ನೋಡುವುದು ಅವನ ಕೆಲಸ. ಊರಿನ ರೈತರೆಲ್ಲರೂ ಸಂತರೇ ಆಗಿದ್ದರೆಂದು ಭಾವಿಸೋಣ. ಆಗಲೂ ಒಂದೇ ದಿನ ಎಲ್ಲರ ಗದ್ದೆಗೂ ನೀರು ಹಾಯದು. "ನಿನ್ನದು ಮೊದಲಾಗಲಿ" ಎಂದು ಸಂತರೆಲ್ಲರೂ ಪರಸ್ಪರ ಉಪಚಾರ ಮಾಡುತ್ತ ನಿಂತರೆ ಬೆಳೆ ಒಣಗೀತು! ಯಾರೋ ಒಬ್ಬರು ಸರದಿಯನ್ನು ಗೊತ್ತುಮಾಡಬೇಕು, ಉಳಿದವರು ಅದನ್ನು ಒಪ್ಪಿ ನಡೆಯಬೇಕು. ಇದು ಥಾಮಸರು ಕಂಡ ಸರ್ಕಾರದ ಮೂಲ. ಇನ್ನು ಇರುಳಿನಲ್ಲಿ ಬದುವನ್ನು ಒಡೆದು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುವವನೊಬ್ಬನು ಹುಟ್ಟಿಕೊಂಡಾಗ ಪಂಚಾಯಿತಿ, ದಂಡ, ಕಾವಲು ಬೇಕಾಗುತ್ತವೆ. ಅದು ಅಗಸ್ಟೀನರು ಕಂಡ ಸರ್ಕಾರ. ಪೊಲೀಸು ಮತ್ತು ಸೆರೆಮನೆಗಳು ಪಾಪದ ಕಾರಣದಿಂದ ಬಂದವು ನಿಜ. ಆದರೆ ಆಳ್ವಿಕೆಯ ತಿರುಳು ಅದಕ್ಕಿಂತ ಹಳೆಯದು. ಅದು ನಾವು ಒಬ್ಬರಿಗೊಬ್ಬರು ಬೇಕಾದವರಾಗಿ ಸೃಷ್ಟಿಯಾಗಿರುವುದರಲ್ಲಿಯೇ ಇದೆ. ಈ ವಿಷಯದಲ್ಲಿ ಥಾಮಸರ ಮಾತೇ ಹೆಚ್ಚು ಆಳಕ್ಕೆ ಹೋಗುತ್ತದೆಂದು ನನ್ನ ಭಾವನೆ. ಅಗಸ್ಟೀನರ ಎಚ್ಚರಿಕೆಯಾದರೋ ಪ್ರತಿ ಚುನಾವಣೆಯ ಮುನ್ನಾದಿನ ಓದಿಕೊಳ್ಳಲು ಯೋಗ್ಯವಾದುದು.

ಪವಿತ್ರ ಬೈಬಲ್ ಕೂಡ ಅರಸೊತ್ತಿಗೆಯನ್ನು ಹೊಗಳುತ್ತ ಪ್ರಾರಂಭಿಸುವುದಿಲ್ಲ. ಇಸ್ರಯೇಲಿನ ಹಿರಿಯರು ಸಮುವೇಲನ ಬಳಿಗೆ ಬಂದು ತಮಗೊಬ್ಬ ಅರಸನು ಬೇಕೆಂದು ಕೇಳಿದರು (1 ಸಮುವೇಲ 8). ಅವರ ದೂರು ಆಧಾರವಿಲ್ಲದ್ದಾಗಿರಲಿಲ್ಲ. ಸಮುವೇಲನ ಸ್ವಂತ ಮಕ್ಕಳೇ ನ್ಯಾಯಾಧಿಪತಿಗಳಾಗಿ ಲಂಚ ತಿನ್ನುತ್ತಿದ್ದರು. ಪ್ರವಾದಿಯು ಅವರಿಗೆ ಅರಸನ ರೀತಿಯನ್ನು ವಿವರಿಸಿದನು. ಆ ವಿವರಣೆಯಲ್ಲಿ ತಿರುತಿರುಗಿ ಬರುವುದು 'ತೆಗೆದುಕೊಳ್ಳುವುದು' ಎಂಬ ಒಂದೇ ಕ್ರಿಯೆ: ಗಂಡುಮಕ್ಕಳನ್ನು ಸೈನ್ಯಕ್ಕೆ, ಹೆಣ್ಣುಮಕ್ಕಳನ್ನು ಅಡಿಗೆಮನೆಗೆ, ಒಳ್ಳೆಯ ಹೊಲಗಳನ್ನು ಅಧಿಕಾರಿಗಳಿಗೆ, ಬೆಳೆಯ ಹತ್ತರಲ್ಲೊಂದು ಪಾಲನ್ನು, ಕೊನೆಗೆ ಕತ್ತೆಗಳನ್ನೂ ಬಿಡದೆ ತೆಗೆದುಕೊಳ್ಳುವನು. ಹೀಗಿದ್ದರೂ ದೇವರು ಜನರ ಬೇಡಿಕೆಯನ್ನು ತಳ್ಳಿಹಾಕಲಿಲ್ಲ. ಧರ್ಮೋಪದೇಶಕಾಂಡವು (17:14-20) ಅರಸನಿಗೊಂದು ಕಟ್ಟಳೆಯನ್ನು ವಿಧಿಸುತ್ತದೆ. ಅವನು ಕುದುರೆಗಳನ್ನೂ ಪತ್ನಿಯರನ್ನೂ ಬೆಳ್ಳಿಬಂಗಾರವನ್ನೂ ಗುಡ್ಡೆಹಾಕಿಕೊಳ್ಳಬಾರದು. ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದಿಟ್ಟುಕೊಂಡು ಜೀವಮಾನವೆಲ್ಲ ಓದಬೇಕು. ತನ್ನ ಸಹೋದರರಿಗಿಂತ ತಾನು ಹೆಚ್ಚಿನವನೆಂದು ಉಬ್ಬಬಾರದು. ಸುತ್ತಲಿನ ದೇಶಗಳಲ್ಲಿ ಅರಸನನ್ನು ದೇವರ ಮಗನೆಂದೂ ಅವತಾರವೆಂದೂ ಕೊಂಡಾಡುತ್ತಿದ್ದ ಕಾಲದಲ್ಲಿ ಇಂಥದೊಂದು ಕಟ್ಟಳೆ ಬಂದುದು ಸಾಮಾನ್ಯ ಸಂಗತಿಯಲ್ಲ.

ಈ ಕಟ್ಟಳೆಗೆ ಕೊಡಲಿಪೆಟ್ಟು ಬಿದ್ದ ಪ್ರಸಂಗವೇ ನಾಬೋತನ ಕಥೆ (1 ಅರಸುಗಳು 21). ಇಜ್ರೇಲಿನಲ್ಲಿ ಅಹಾಬನ ಅರಮನೆಗೆ ತಗುಲಿದಂತೆ ನಾಬೋತನೆಂಬವನ ದ್ರಾಕ್ಷಿತೋಟವಿತ್ತು. ಅರಸನಿಗೆ ಅದು ತರಕಾರಿ ಬೆಳೆಯಲು ಬೇಕಾಯಿತು. ಅದಕ್ಕಿಂತ ಒಳ್ಳೆಯ ತೋಟವನ್ನಾದರೂ ಬೆಲೆಯನ್ನಾದರೂ ಕೊಡುವೆನೆಂದನು. ಪಿತೃಗಳಿಂದ ಬಂದ ಸ್ವತ್ತನ್ನು ಕೊಡಲಾರೆನೆಂದು ನಾಬೋತನು ಹೇಳಿದನು. ಅಹಾಬನು ಮುಖ ತಿರುಗಿಸಿಕೊಂಡು ಹಾಸಿಗೆಯಲ್ಲಿ ಮಲಗಿ ಊಟ ಬಿಟ್ಟನು. ಇಲ್ಲಿಯವರೆಗೆ ಅವನು ಹಟಮಾರಿ ಮಗುವಿನಂತೆ ಕಾಣುತ್ತಾನೆಯೇ ಹೊರತು ಕ್ರೂರಿಯಾಗಿ ಅಲ್ಲ. ಅಷ್ಟೇ ಅಲ್ಲ, ಕೊಡುವುದಿಲ್ಲವೆಂದ ಮೇಲೆ ತಾನು ತೆಗೆದುಕೊಳ್ಳುವಂತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ ಅವನಿಗೆ ಅಷ್ಟು ಸಂಕಟವಾಯಿತು.

ಆದರೆ ಸಿದೋನಿನ ಅರಸುಮಗಳಾದ ಈಜೆಬೆಲಳಿಗೆ ಗಂಡನ ಸಂಕಟ ಅರ್ಥವೇ ಆಗಲಿಲ್ಲ. ಅರಸನಾಗಿರುವವನು ಹೀಗೆ ಮಲಗುವುದುಂಟೇ ಎಂಬುದು ಅವಳ ಪ್ರಶ್ನೆ. ಒಂದೇ ಮಲಗುವ ಕೋಣೆಯಲ್ಲಿ ಎರಡು ರಾಜ್ಯನೀತಿಗಳು ಎದುರುಬದುರಾದವು. ಅರಸನೂ ಕಟ್ಟಳೆಗೆ ಒಳಪಟ್ಟವನೆಂಬುದು ಒಂದು, ಅರಸನ ಇಷ್ಟವೇ ಕಟ್ಟಳೆಯೆಂಬುದು ಇನ್ನೊಂದು. ಮುಂದೆ ನಡೆದುದನ್ನು ಗಮನಿಸಿರಿ. ಈಜೆಬೆಲಳು ಕೊಲೆಗಡುಕರನ್ನು ಕಳುಹಿಸಲಿಲ್ಲ. ಅರಸನ ಹೆಸರಿನಲ್ಲಿ ಪತ್ರ ಬರೆದು, ಅರಸನ ಮುದ್ರೆ ಒತ್ತಿ, ನಾಬೋತನ ಊರಿನ ಹಿರಿಯರಿಗೆ ಕಳುಹಿಸಿದಳು. ಉಪವಾಸದ ದಿನವನ್ನು ಸಾರಲಾಯಿತು, ಸಭೆ ಸೇರಿಸಲಾಯಿತು, ಕಾನೂನು ಕೇಳುವಂತೆ ಇಬ್ಬರು ಸಾಕ್ಷಿಗಳನ್ನೂ ನಿಲ್ಲಿಸಲಾಯಿತು. ದೇವದೂಷಣೆ ಮತ್ತು ರಾಜದ್ರೋಹ, ಎರಡು ಆರೋಪಗಳು. ತೀರ್ಪಾಯಿತು, ಕಲ್ಲೆಸೆದು ಕೊಂದರು. ಎಲ್ಲವೂ ಕ್ರಮಬದ್ಧ! ಸರ್ಕಾರದ ಯಾವ ಯಂತ್ರವು ನಾಬೋತನ ತೋಟವನ್ನು ಕಾಯಬೇಕಾಗಿತ್ತೋ ಅದೇ ಯಂತ್ರವು ಅವನನ್ನು ಕೊಂದಿತು. ಎಲೀಯ ಪ್ರವಾದಿಯು ಆ ತೋಟದಲ್ಲಿಯೇ ಅಹಾಬನನ್ನು ಎದುರಿಸಿ, ಕೊಲೆಯ ಹೊಣೆಯನ್ನು ಅವನ ಮೇಲೆಯೇ ಹೊರಿಸಿದನು. ಪತ್ರ ಬರೆದವಳು ಹೆಂಡತಿಯೆಂಬ ನೆಪ ನಡೆಯಲಿಲ್ಲ. ಮುದ್ರೆ ಯಾರದೋ ಹೊಣೆಯೂ ಅವನದೇ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಅಹಾಬನೂ ಅಲ್ಲ, ಈಜೆಬೆಲಳೂ ಅಲ್ಲ, ಆ ಊರಿನ ಹಿರಿಯರು. ನಾಬೋತನು ಅವರ ನೆರೆಯವನು. ಅವನು ನಿರಪರಾಧಿಯೆಂದು ಅವರಿಗೆ ತಿಳಿದೇ ಇತ್ತು, ಏಕೆಂದರೆ ಸುಳ್ಳುಸಾಕ್ಷಿಗಳನ್ನು ಹುಡುಕಿ ತಂದವರು ಅವರೇ. ಆದರೂ ಪತ್ರದಲ್ಲಿ ಬರೆದಿದ್ದಂತೆಯೇ ಮಾಡಿದರೆಂದು ಬೈಬಲ್ ಹೇಳುತ್ತದೆ. ಒಬ್ಬನಾದರೂ ಎದ್ದು ಪ್ರಶ್ನಿಸಿದನೆಂಬ ದಾಖಲೆಯಿಲ್ಲ. ಅವರನ್ನು ಕೇಳಿದ್ದರೆ, ಮೇಲಿನಿಂದ ಆಜ್ಞೆ ಬಂದಿತ್ತು ಎನ್ನುತ್ತಿದ್ದರೋ ಏನೋ.

ಇಲ್ಲಿಯೇ ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಮಾತು ನೆನಪಾಗುತ್ತದೆ. ದೇವರಿಂದ ಬಾರದ ಅಧಿಕಾರವಿಲ್ಲ, ಆದುದರಿಂದ ಪ್ರತಿಯೊಬ್ಬನೂ ಆಳುವವರಿಗೆ ಅಧೀನನಾಗಿರಲಿ ಎಂಬುದು ಅದರ ತಾತ್ಪರ್ಯ (ರೋಮ 13:1-7). ಇದನ್ನು ಬರೆದುದು ಸುಮಾರು ಕ್ರಿ.ಶ. 57ರಲ್ಲಿ, ನೀರೋ ಚಕ್ರವರ್ತಿಯ ಆಳ್ವಿಕೆಯ ಮೊದಲ ವರ್ಷಗಳಲ್ಲಿ. ಕೆಲವೇ ವರ್ಷಗಳ ಹಿಂದೆ ಕ್ಲೌದಿಯಸನು ಯೆಹೂದ್ಯರನ್ನು ರೋಮಿನಿಂದ ಹೊರಗಟ್ಟಿದ್ದನು. ಪೌಲರ ಸಂಗಡಿಗರಾದ ಅಕ್ವಿಲ ಮತ್ತು ಪ್ರಿಸ್ಸಿಲ್ಲ ದಂಪತಿಗಳು ಹಾಗೆ ಬಂದವರೇ. ತೆರಿಗೆ ವಸೂಲಿಗಾರರ ವಿರುದ್ಧ ಅಂದು ಜನರಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸನ ಬರಹದಿಂದ ತಿಳಿದುಬರುತ್ತದೆ. ಅಂಥ ಸಮಯದಲ್ಲಿ ಬೆರಳೆಣಿಕೆಯ ಕ್ರೈಸ್ತರು ದಂಗೆಕೋರರೆನಿಸಿಕೊಳ್ಳದೆ ತೆರಿಗೆ ತೆತ್ತು ಸಮಾಧಾನದಿಂದ ಬಾಳಲಿ ಎಂಬ ಕಾಳಜಿ ಪೌಲರದು. ಅದೇ ಅಧ್ಯಾಯದಲ್ಲಿ ಆಳುವವನನ್ನು ಅವರು ದೇವರ ಸೇವಕನೆಂದು ಕರೆಯುತ್ತಾರೆ, ಜನರ ಹಿತಕ್ಕಾಗಿ ಇರುವ ಸೇವಕನೆಂದು. ಅಲ್ಲಿ ಬಳಸಿರುವ 'ದಿಯಾಕೊನೊಸ್' ಎಂಬ ಗ್ರೀಕ್ ಪದವೇ ನಮ್ಮ ಧರ್ಮಸಭೆಯ ಡೀಕನ್ ಎಂಬ ಹೆಸರಿಗೆ ಮೂಲ. ಸೇವಕನು ಧಣಿಯ ಮನೆಯನ್ನೇ ಸುಡಲು ಹೊರಟರೆ ಅವನ ಮಾತನ್ನು ಕೇಳಬೇಕೆಂದು ಈ ವಾಕ್ಯಗಳಿಂದ ಹೊರಡಿಸುವುದು ಅನ್ಯಾಯ. ಸನ್ಹೆದ್ರಿನ್ ಸಭೆಯ ಮುಂದೆ ನಿಂತ ಪೇತ್ರರೂ ಇತರ ಪ್ರೇಷಿತರೂ, ಮನುಷ್ಯರಿಗಿಂತ ಮೊದಲು ದೇವರಿಗೆ ವಿಧೇಯರಾಗುವೆವೆಂದು ಸ್ಪಷ್ಟವಾಗಿ ಹೇಳಿದ್ದರು (ಪ್ರೇಷಿತರ ಕಾರ್ಯಕಲಾಪಗಳು 5:29). ಕ್ರಿ.ಶ. 64ರಲ್ಲಿ ನೀರೋ ಕ್ರೈಸ್ತರ ಬೇಟೆಗೆ ತೊಡಗಿದನು. ಆಳುವವನ ಕೈಯ ಖಡ್ಗದ ಬಗ್ಗೆ ಬರೆದ ಪೌಲರು ಅದೇ ಆಳ್ವಿಕೆಯಲ್ಲಿ ಖಡ್ಗಕ್ಕೆ ತಲೆಯೊಡ್ಡಿದರೆಂದು ಪರಂಪರೆ ಹೇಳುತ್ತದೆ.

ಆದರೂ ಈ ಏಳು ವಾಕ್ಯಗಳನ್ನು ಇತಿಹಾಸದಲ್ಲಿ ಎಷ್ಟೋ ಸಲ ಕಿತ್ತು ತೆಗೆದು ಬಳಸಲಾಗಿದೆ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಸರ್ಕಾರವನ್ನು ಸಮರ್ಥಿಸಲು ಇವನ್ನೇ ಮುಂದಿಡಲಾಗುತ್ತಿತ್ತು. 1985ರಲ್ಲಿ ಅಲ್ಲಿನ ದೇವಶಾಸ್ತ್ರಜ್ಞರು 'ಕೈರೋಸ್' ಎಂಬ ದಾಖಲೆಯಲ್ಲಿ ಅದನ್ನು ಬಲವಾಗಿ ಖಂಡಿಸಿದರು. ಆದರೆ ನಮ್ಮಂಥ ಕುಟುಂಬಸ್ಥರಿಗೆ ಹೆಚ್ಚು ಹತ್ತಿರವಾದ ಕಥೆ ಆಸ್ಟ್ರಿಯ ದೇಶದ ಒಬ್ಬ ರೈತನದು.

ಫ್ರಾಂಜ್ ಯೇಗರ್‌ಸ್ಟೆಟ್ಟರ್ ಹುಟ್ಟಿದ್ದು 1907ರಲ್ಲಿ, ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ. ಬೇಸಾಯ, ಪತ್ನಿ ಫ್ರಾಂಜಿಸ್ಕಾ, ಮೂವರು ಪುಟ್ಟ ಹೆಣ್ಣುಮಕ್ಕಳು, ಜೊತೆಗೆ ಊರ ದೇವಾಲಯದ ಪರಿಚಾರಕನ ಕೆಲಸ. 1938ರಲ್ಲಿ ಆಸ್ಟ್ರಿಯವನ್ನು ಹಿಟ್ಲರನ ಜರ್ಮನಿಯೊಂದಿಗೆ ಸೇರಿಸುವ ಬಗ್ಗೆ ಮತ ಕೇಳಿದಾಗ ಆ ಊರಿನಲ್ಲಿ ವಿರೋಧವಾಗಿ ಮತ ಹಾಕಿದವರು ಇವರೊಬ್ಬರೇ. ಸ್ಥಳೀಯ ಅಧಿಕಾರಿಗಳು ಆ ಒಂದು ಮತವನ್ನೂ ಮುಚ್ಚಿಹಾಕಿ, ಊರೆಲ್ಲ ಒಪ್ಪಿದೆಯೆಂದು ವರದಿ ಕಳುಹಿಸಿದರು. ಮುಂದೆ ಸೈನ್ಯಕ್ಕೆ ಕರೆ ಬಂದಾಗ, ಈ ಯುದ್ಧವು ಅನ್ಯಾಯದ್ದಾದುದರಿಂದ ಆಯುಧ ಹಿಡಿಯಲಾರೆ, ಬೇಕಾದರೆ ಗಾಯಾಳುಗಳ ಶುಶ್ರೂಷೆ ಮಾಡುವೆ ಎಂದರು. ಅದಕ್ಕೂ ಮೊದಲು ಅವರು ತಮ್ಮ ಧರ್ಮಾಧ್ಯಕ್ಷರನ್ನು ಕಂಡು ಕೇಳಿದ್ದರು. ಹೆಂಡತಿ ಮಕ್ಕಳನ್ನು ನೋಡಿಕೊಳ್ಳುವುದು ನಿನ್ನ ಕರ್ತವ್ಯ, ಯುದ್ಧದ ನ್ಯಾಯ ಅನ್ಯಾಯಗಳ ಹೊಣೆ ಆಳುವವರದು ಎಂಬ ಅರ್ಥದ ಸಲಹೆಯೇ ದೊರಕಿತು. ಆ ಸಲಹೆ ಕೊಟ್ಟವರು ದುಷ್ಟರಾಗಿರಲಿಲ್ಲ, ಹೆದರಿದ ಕಾಲದ ಹೆದರಿದ ಕುರುಬರು. ಯೇಗರ್‌ಸ್ಟೆಟ್ಟರ್ ತಮ್ಮ ನಿಲುವನ್ನು ಬದಲಿಸಲಿಲ್ಲ. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನ ಸೆರೆಮನೆಯಲ್ಲಿ ಅವರ ಶಿರಚ್ಛೇದವಾಯಿತು. 2007ರ ಅಕ್ಟೋಬರ್ 26ರಂದು ಲಿಂಜ್ ನಗರದಲ್ಲಿ ಧರ್ಮಸಭೆಯು ಅವರಿಗೆ ಪುನೀತ ಪದವಿಯನ್ನು ನೀಡಿದಾಗ, ತೊಂಬತ್ತು ದಾಟಿದ್ದ ಫ್ರಾಂಜಿಸ್ಕಾ ಅಲ್ಲಿ ಕುಳಿತಿದ್ದರು.

ಪತ್ನಿ ಮಕ್ಕಳಿದ್ದವನು ಹಾಗೆ ಮಾಡಬಹುದಿತ್ತೇ ಎಂದು ಇಂದಿಗೂ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಗುರವಾದ ಉತ್ತರ ಅದಕ್ಕಿಲ್ಲ. ಆದರೆ ಒಂದನ್ನು ಗಮನಿಸಬೇಕು. ಅವರು ಸರ್ಕಾರವೆಂಬುದನ್ನೇ ಧಿಕ್ಕರಿಸಿದವರಲ್ಲ, ದಂಗೆ ಎಬ್ಬಿಸಿದವರೂ ಅಲ್ಲ. ಜನರ ಹಿತಕ್ಕಾಗಿ ಬಂದ ಅಧಿಕಾರವು ಜನರನ್ನೇ ಕೊಲ್ಲಲು ಹೊರಟಾಗ ಅದರ ಆಜ್ಞೆಗೆ ಮನಸ್ಸಾಕ್ಷಿಯನ್ನು ಕಟ್ಟುವ ಬಲವಿಲ್ಲವೆಂಬುದನ್ನು ಒಬ್ಬ ಹಳ್ಳಿಯ ರೈತನು ಕಂಡುಕೊಂಡಿದ್ದನು. ಥಾಮಸರು ಹದಿಮೂರನೆಯ ಶತಮಾನದಲ್ಲಿ ಅದನ್ನು ಬರೆದಿದ್ದರು. ಇಪ್ಪತ್ತು ವರ್ಷಗಳ ನಂತರ, 1963ರಲ್ಲಿ, ಪೋಪ್ ಇಪ್ಪತ್ತಮೂರನೆಯ ಜಾನರು 'ಲೋಕದಲ್ಲಿ ಶಾಂತಿ' ಎಂಬ ವಿಶ್ವಪತ್ರದಲ್ಲಿ ಅದನ್ನೇ ಬೋಧಿಸಿದರು.

ಹಾಗಾದರೆ ಅಧಿಕಾರ ದೇವರಿಂದ ಬರುತ್ತದೆ ಎಂಬ ಮಾತಿಗೆ ಅರ್ಥವೇನು? ಪಿಲಾತನ ಮುಂದೆ ನಿಂತ ಯೇಸುಸ್ವಾಮಿಯು, ಮೇಲಿನಿಂದ ಕೊಡಲ್ಪಡದಿದ್ದರೆ ಅವನಿಗೆ ಯಾವ ಅಧಿಕಾರವೂ ಇರುತ್ತಿರಲಿಲ್ಲವೆಂದು ಹೇಳಿದರು (ಯೊವಾನ್ನ 19:11). ಪಿಲಾತನ ಬೆನ್ನು ತಟ್ಟಲು ಹೇಳಿದ ಮಾತಲ್ಲ ಅದು. ಕೊಡಲ್ಪಟ್ಟದ್ದಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನು, ತನ್ನ ಅಧಿಕಾರವು ನೇರವಾಗಿ ದೇವರಿಂದ ಬಂದದ್ದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲವೆಂದು ವಾದಿಸಿದನು. ಅವನನ್ನು ಎದುರಿಸಿದವರಲ್ಲಿ ಸಂತ ರಾಬರ್ಟ್ ಬೆಲ್ಲಾರ್ಮಿನ್ ಮತ್ತು ಸ್ಪೇನಿನ ಫ್ರಾನ್ಸಿಸ್ಕೊ ಸ್ವಾರೆಜ್ ಎಂಬ ಯೇಸುಸಭೆಯ ಪಂಡಿತರು ಪ್ರಮುಖರು. ಅಧಿಕಾರದ ಮೂಲ ದೇವರೇ, ಆದರೆ ಅದನ್ನು ಅವರು ಇಡೀ ಜನಸಮುದಾಯದ ಕೈಗೆ ಕೊಡುತ್ತಾರೆ, ಜನರಿಂದ ಅದು ಅರಸನಿಗೆ ಸಲ್ಲುತ್ತದೆ ಎಂಬುದು ಅವರ ಬೋಧನೆ. 1613ರಲ್ಲಿ ಪ್ರಕಟವಾದ ಸ್ವಾರೆಜರ ಗ್ರಂಥವನ್ನು ಜೇಮ್ಸನು ಲಂಡನ್ನಿನಲ್ಲಿ ಸುಡಿಸಿದನು. ಅರಸರಿಗೆ ಕಹಿಯಾದ ಮಾತು ಅದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ಸಂವಿಧಾನ ಸಭೆಯಲ್ಲಿಯೂ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂದಿತ್ತು. 1949ರ ಅಕ್ಟೋಬರ್ 17ರಂದು ಎಚ್. ವಿ. ಕಾಮತ್ ಅವರು ಸಂವಿಧಾನದ ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವುದು ಬೇಡವೆಂದು ಹಲವರು ಬೇಡಿಕೊಂಡರೂ ಮತದಾನವಾಯಿತು. ಪರವಾಗಿ 41, ವಿರೋಧವಾಗಿ 68. ಪೀಠಿಕೆಯು ಜನತೆಯ ಹೆಸರಿನಲ್ಲಿಯೇ ಉಳಿಯಿತು. ಭಕ್ತರಾದ ಕೆಲವರಿಗೆ ಇದು ಕೊರತೆಯೆನಿಸಬಹುದು. ಬೆಲ್ಲಾರ್ಮಿನರ ಶಿಷ್ಯರಿಗೆ ಹಾಗೆನಿಸಬೇಕಾಗಿಲ್ಲ. ಜನರ ಕೈಗೆ ಅಧಿಕಾರವನ್ನು ಇತ್ತವರು ಯಾರೆಂಬುದು ವಿಶ್ವಾಸಿಗೆ ಗೊತ್ತು. ಕಾಗದದ ಮೇಲೆ ಆ ಹೆಸರನ್ನು ಬರೆದು ತಮ್ಮ ದಬ್ಬಾಳಿಕೆಗೆ ಮುದ್ರೆಯಾಗಿಸಿಕೊಂಡ ಅರಸರನ್ನೂ ಇತಿಹಾಸ ಕಂಡಿದೆ. ಅದೇ ಸಂವಿಧಾನ ಸಭೆಯ ಉಪಾಧ್ಯಕ್ಷರು ಬಂಗಾಳದ ಕ್ರೈಸ್ತರಾದ ಎಚ್. ಸಿ. ಮುಖರ್ಜಿ. ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರೂ ಮದ್ರಾಸಿನಿಂದ ಆಯ್ಕೆಯಾಗಿ ಅಲ್ಲಿ ಸದಸ್ಯರಾಗಿದ್ದರು. ಧರ್ಮದ ಆಧಾರದ ಮೇಲೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾಯ್ದಿರಿಸುವುದನ್ನು 1949ರಲ್ಲಿ ಕೈಬಿಟ್ಟಾಗ ಕ್ರೈಸ್ತ ಮುಖಂಡರು ಅದಕ್ಕೆ ಒಪ್ಪಿದರು. ಅದು ಸರಿಯೋ ತಪ್ಪೋ ಎಂದು ಈಗಲೂ ಚರ್ಚಿಸಬಹುದು. ಸರ್ಕಾರ ನಮ್ಮಿಂದ ಹೊರಗಿನದು ಎಂದು ಭಾವಿಸಿದವರು ಮಾತ್ರ ಹಾಗೆ ಮಾಡುತ್ತಿರಲಿಲ್ಲ.

ಅಧಿಕಾರವು ಇಡೀ ಸಮುದಾಯದ ಕೈಯಲ್ಲಿದೆಯೆಂದರೆ ಅದು ಜನರಿಗೆ ಎಟಕುವಷ್ಟು ಹತ್ತಿರವೂ ಇರಬೇಕು. ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳಬಾರದು, ಆದರೆ ಚಿಕ್ಕದಕ್ಕೆ ನೆರವಾಗಬೇಕು ಎಂದು 1931ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಬೋಧಿಸಿದ್ದರು. ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. 1983ರ ಕಾಯ್ದೆಯನ್ನು ರೂಪಿಸಿ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯುವಂತೆ ಮಾಡಿದ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಯ ಜನ ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು, ಕೊಳವೆಬಾವಿಗಳ ಮೂಲಕ ಕುಡಿಯುವ ನೀರು ತಂದುಕೊಟ್ಟುದಕ್ಕಾಗಿ. ಒಬ್ಬ ಮಂತ್ರಿಗೆ ಅದಕ್ಕಿಂತ ದೊಡ್ಡ ಬಿರುದು ಇರಲಾರದು.

ತೆರಿಗೆಯ ಮಾತೂ ಇದರೊಳಗೇ ಬರುತ್ತದೆ. ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಕಣದಿಂದ ಇಷ್ಟೆಂದು ಕಾಳು ಅಳೆದು ಕೊಡುತ್ತಿದ್ದನು. ಅದನ್ನು ಭಿಕ್ಷೆಯೆಂದು ಯಾರೂ ಎಣಿಸುತ್ತಿರಲಿಲ್ಲ, ಸುಲಿಗೆಯೆಂದೂ ಎಣಿಸುತ್ತಿರಲಿಲ್ಲ. ನಿವೇಶನದ ಬೆಲೆಯನ್ನು ಕಾಗದದಲ್ಲಿ ಕಡಿಮೆ ತೋರಿಸುವಾಗ, ಬಿಲ್ಲಿಲ್ಲದೆ ಸಾಮಾನು ಕೊಳ್ಳುವಾಗ ನಾವು ಅಳೆದು ಕೊಡಬೇಕಾದ ಕಾಳನ್ನು ಮಡಿಲಲ್ಲಿ ಕಟ್ಟಿಕೊಂಡಂತಾಗುತ್ತದೆ. ಪಾಪನಿವೇದನೆಗೆ ಹೋಗುವಾಗ ಇದು ನಮಗೆ ನೆನಪಾಗುವುದು ಅಪರೂಪ.

ಇನ್ನು, ಕೆಸರೆಂದು ದೂರ ನಿಲ್ಲುವವರಿಗೆ ಯೋತಾಮನ ಸಾಮತಿಯೊಂದಿದೆ (ನ್ಯಾಯಸ್ಥಾಪಕರು 9:7-15). ಮರಗಳು ತಮಗೊಬ್ಬ ಅರಸನನ್ನು ಹುಡುಕಿದವು. ಎಣ್ಣೆಮರವೂ ಅಂಜೂರವೂ ದ್ರಾಕ್ಷಿಬಳ್ಳಿಯೂ ತಮ್ಮ ತಮ್ಮ ಕೆಲಸವಿದೆಯೆಂದು ಒಲ್ಲೆನೆಂದವು. ಕೊನೆಗೆ ಒಪ್ಪಿಕೊಂಡುದು ಮುಳ್ಳುಪೊದೆ. ತನ್ನ ನೆರಳಿಗೆ ಬನ್ನಿರೆಂದು ಕರೆಯಿತು.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ವಸತಿ ಯೋಜನೆಯಲ್ಲಿ ಯಾರಿಗೆ ಮನೆ ಎಂಬ ಪಟ್ಟಿ ಅಲ್ಲಿಗೆ ಬರುತ್ತದೆ, ಖರ್ಚಿನ ಲೆಕ್ಕವೂ ಬರುತ್ತದೆ. ಎಷ್ಟೋ ಕಡೆ ಬೆರಳೆಣಿಕೆಯ ಜನ ಕುಳಿತಿರುತ್ತಾರೆ, ಓದಿದ್ದಕ್ಕೆಲ್ಲ ತಲೆಯಾಡಿಸಿ ಸಹಿ ಹಾಕಿ ಹೋಗುತ್ತಾರೆ. ಆ ಪಟ್ಟಿಯಲ್ಲಿ ಕೇರಿಯ ಕೊನೆಯ ಗುಡಿಸಲಿನ ವಿಧವೆಯ ಹೆಸರು ಇದೆಯೇ ಎಂದು ಎದ್ದು ಕೇಳುವ ಒಬ್ಬರು ಅಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ಬಹಳವಿದೆ. ಇಜ್ರೇಲಿನ ಹಿರಿಯರು ಸೇರಿದ್ದೂ ಊರಿನ ಸಭೆಯಲ್ಲಿಯೇ. ಮುಂದಿನ ಗ್ರಾಮಸಭೆ ಎಂದು ಸೇರುತ್ತದೆಂಬುದನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬಹುದು.